ಜ್ವರ ಇತ್ತಂತೆ

“‘ಇತ್ತು’ ಬೇಡ. ಈಗ ಇದೆಯಾ, ಅದನ್ನ ಹೇಳಿ,” ಎಂದರು ಡಾಕ್ಟರು, ರಿಜಿಸ್ಟರಿನಿಂದ ತಲೆ ಎತ್ತದೆ.

ಸ್ಟೂಲಿನ ಮೇಲೆ ಕುಳಿತಿದ್ದ ಅಕ್ಕ ತಪ್ಪು ಮಾಡಿದವಳಂತೆ ಮಫ್ಲರನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. “ಬೆಳಿಗ್ಗೆ ಮೈ ಸುಡ್ತಾ ಇತ್ತು ಡಾಕ್ಟ್ರೇ. ಈಗ ಬೆವರು ಬಿಟ್ಟಿದೆ, ಪರವಾಗಿಲ್ಲ,” ಎಂದಳು. ಮಾತು ಮುಗಿಯುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಅದು ನಿಲ್ಲುವವರೆಗೆ ಕಾದು ಡಾಕ್ಟರು ಥರ್ಮಾಮೀಟರನ್ನು ಅವಳ ನಾಲಿಗೆಯಡಿ ಇಟ್ಟರು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸಲ ತಿರುಗಿಸಿ ನೋಡಿ, “ತೊಂಬತ್ತೆಂಟೂವರೆ. ನಾರ್ಮಲ್,” ಎಂದರು.

ಬಾಗಿಲ ಬಳಿ ನಿಂತಿದ್ದ ಅವಳ ತಂಗಿ, ಆ ಕ್ಲಿನಿಕ್ಕಿನ ಸಿಸ್ಟರ್‌ಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. “ಸರ್, ನಿಜವಾಗ್ಲೂ ಜ್ವರ ಇತ್ತಂತೆ. ನಿನ್ನೆ ಸಂಜೆಯಿಂದ್ಲೇ.”

“ಸಿಸ್ಟರ್, ಈ ರಿಜಿಸ್ಟರಿನಲ್ಲಿ ‘ಅಂತೆ’ಗೆ ಜಾಗ ಇಲ್ಲ. ಇದನ್ನ ನಾನು ನಿಮಗೆ ಹೇಳ್ಕೊಡಬೇಕಾ?”

ಬೇಕಿರಲಿಲ್ಲ. ಡಾಕ್ಟರು ‘ಕೆಮ್ಮು, ಜ್ವರವಿಲ್ಲ’ ಎಂದು ಬರೆದರು. ಚೀಟಿಯಲ್ಲಿ ಒಂದು ಬಾಟಲಿ ಕೆಮ್ಮಿನ ಔಷಧ, ಅದರ ಕೆಳಗೆ ‘ವಿಶ್ರಾಂತಿ’. ವಿಶ್ರಾಂತಿ ಎಂಬುದನ್ನು ಅವರು ಎಲ್ಲರ ಚೀಟಿಯ ಕೊನೆಗೂ ಸಹಿಯ ಹಾಗೆ ಬರೆಯುತ್ತಿದ್ದರು. ಲಾಂಡ್ರಿಯಲ್ಲಿ ಹತ್ತು ಗಂಟೆ ನಿಂತು ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಮಡಚುವ ಅಕ್ಕ ಅದನ್ನು ಓದಿ ತಂಗಿಯ ಕಡೆ ಕಣ್ಣು ಮಿಟುಕಿಸಿದಳು.

ಈ ಕ್ಲಿನಿಕ್ಕಿನಲ್ಲಿ ಜ್ವರದ ಲೆಕ್ಕ ಶುರುವಾಗಿ ಇದು ಮೂರನೆಯ ಚಳಿಗಾಲ. ಚಳಿಯ ಜ್ವರ ಎಲ್ಲಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ತಿಳಿಯಲು ದೊಡ್ಡ ಆಫೀಸಿನವರು ಊರಿನ ಐದು ಕ್ಲಿನಿಕ್ಕುಗಳನ್ನು ಆರಿಸಿದ್ದರು. ಪ್ರತಿ ಶನಿವಾರ ಒಂದು ಹಳದಿ ಫಾರಂ ಹೋಗಬೇಕು. ಈ ವಾರ ಡಾಕ್ಟರ ಬಳಿ ಬಂದವರೆಷ್ಟು, ಅವರಲ್ಲಿ ನೂರು ಡಿಗ್ರಿ ದಾಟಿದ ಜ್ವರದ ಜೊತೆ ಕೆಮ್ಮೂ ಇದ್ದವರೆಷ್ಟು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ‘ಡಾಕ್ಟರು ತಮ್ಮ ಕೋಣೆಯಲ್ಲಿ ತಾವೇ ಅಳೆದ ಜ್ವರವನ್ನು ಮಾತ್ರ ಪರಿಗಣಿಸತಕ್ಕದ್ದು.’ ಆ ಲೆಕ್ಕಕ್ಕೆ ಬಂದವರಿಗೆ ಹೊಸ ಕ್ಯಾಪ್ಸೂಲ್ ಸಿಗುತ್ತಿತ್ತು. ಜ್ವರ ಬಂದ ಎರಡು ದಿನದೊಳಗೆ ನುಂಗಿದರೆ ರೋಗ ಎದೆಗೆ ಇಳಿಯದಂತೆ ತಡೆಯುತ್ತದೆ ಎಂಬ ಕ್ಯಾಪ್ಸೂಲು ಅದು. ಲೆಕ್ಕಕ್ಕೆ ಬಾರದವರಿಗೆ ಕೆಮ್ಮಿನ ಬಾಟಲಿಯೇ ಗತಿ.

ಫಾರಂ ತುಂಬುವವಳು ಸಿಸ್ಟರ್. ಒಂದು ಶನಿವಾರವೂ ತಪ್ಪಿಸಿದವಳಲ್ಲ, ಒಂದು ಅಂಕಿಯನ್ನೂ ತಿದ್ದಿ ಬರೆದವಳಲ್ಲ. ತನ್ನ ಕೆಲಸದ ಬಗ್ಗೆ ಅವಳಿಗೆ ಸಣ್ಣ ಜಂಬವಿತ್ತು, ಅದನ್ನು ಮುಚ್ಚಿಡಲು ಅವಳು ಕಷ್ಟಪಟ್ಟವಳೂ ಅಲ್ಲ.

ಆದರೆ ಜನ ಅವಳನ್ನು ಹೊಗಳುತ್ತಿದ್ದುದು ಫಾರಂಗಾಗಿ ಅಲ್ಲ, ಕೈಗುಣಕ್ಕಾಗಿ. ಕ್ಲಿನಿಕ್ಕಿನ ವರಾಂಡದಲ್ಲಿ ಗೋಡೆಯುದ್ದಕ್ಕೂ ಒಂದು ಮರದ ಬೆಂಚು. ಒಬ್ಬರು ಒಳಗೆ ಹೋದರೆ ಉಳಿದವರು ಒಂದೊಂದು ಜಾಗ ಸರಿಯಬೇಕು. ತುದಿಯಲ್ಲಿ ಕೂತವರು ಬಾಗಿಲು ಮುಟ್ಟಲು ಕಮ್ಮಿಯೆಂದರೆ ಎರಡು ಗಂಟೆ. ತೆರೆದ ಕಡೆಯಿಂದ ಮಂಜಿನ ಗಾಳಿ ನೇರ ಮೂಳೆಗೆ ನುಗ್ಗುತ್ತಿತ್ತು. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತ ಕೂತವರನ್ನು ನೋಡಿದರೆ ಸಿಸ್ಟರ್‌ಗೆ ಸುಮ್ಮನೆ ದಾಟಿ ಹೋಗಲಾಗುತ್ತಿರಲಿಲ್ಲ. ಅವಳ ಮೇಲಂಗಿಯ ಜೇಬಿನಲ್ಲಿ ಒಂದು ತಗಡಿನ ಡಬ್ಬಿ. ಲಾಂಡ್ರಿಯ ಸೋಡಾ ನೀರಿಗೆ ಒಡೆದ ಕೈಗೆ ಹಚ್ಚಿಕೊಳ್ಳುವ ಕ್ರೀಮು ಮುಗಿದ ಮೇಲೆ ಅಕ್ಕನೇ ತೊಳೆದು ಕೊಟ್ಟದ್ದು. ಅದರ ತುಂಬ ಜ್ವರದ ಬಿಳಿ ಮಾತ್ರೆ. ಹಣೆ ಮುಟ್ಟಿ ನೋಡುವುದು, ಬಿಸಿಯಿದ್ದರೆ ಒಂದು ಮಾತ್ರೆ, ಅರ್ಧ ಲೋಟ ಬಿಸಿನೀರು. “ಒಳಗೆ ಹೋಗೋವರೆಗಾದ್ರೂ ಸ್ವಲ್ಪ ಸುಧಾರಿಸ್ಕೊಳ್ಳಿ,” ಎನ್ನುವುದು. ಗಂಟೆಯೊಳಗೆ ಮುಖಗಳು ಅರಳುತ್ತಿದ್ದವು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ.

ಆ ಮಂಗಳವಾರ ಬೆಳಿಗ್ಗೆ, ಡಾಕ್ಟರ ಸ್ಟೂಲಿಗೆ ಬರುವ ಮುಂಚೆ, ಬೆಂಚಿನ ತುದಿಯಲ್ಲಿ ಅಕ್ಕ ಕೂತಿದ್ದಳು. ಸಿಸ್ಟರ್ ಹಣೆ ಮುಟ್ಟಿ ಗಾಬರಿಯಾದಳು. “ಇಷ್ಟು ಜ್ವರ ಇಟ್ಕೊಂಡು ನಡ್ಕೊಂಡು ಬಂದ್ಯಾ? ಬಾ, ಮುಂಚೆ ಬಿಡ್ತೀನಿ.”

“ಬೇಡ ಕಣೇ. ಸಿಸ್ಟರ್ ಅಕ್ಕ ಅಂತ ಮುಂದೆ ನುಗ್ಗಿದ್ಳು ಅಂತಾರೆ. ನೀನು ಊರಿಗೆಲ್ಲ ಸಿಸ್ಟರು, ನನಗೊಬ್ಬಳಿಗೆ ತಾನೇ ತಂಗಿ. ಒಂದು ಮಾತ್ರೆ ಕೊಡು, ಕಾಯ್ತೀನಿ.”

ತಾಯಿ ಇಲ್ಲದ ಮನೆಯಲ್ಲಿ ತಂಗಿಯ ತಲೆ ಬಾಚಿದವಳು, ನರ್ಸ್ ತರಬೇತಿಗೆ ಕಳಿಸಲು ತಾನು ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದವಳು. ಸಿಸ್ಟರ್ ಅವಳ ಅಂಗೈಯಲ್ಲಿ ಒಂದಲ್ಲ, ಎರಡು ಮಾತ್ರೆ ಇಟ್ಟಳು.

ಶನಿವಾರ ಅವಳು ರಿಜಿಸ್ಟರ್ ತೆರೆದು ಗೀಟು ಎಳೆಯುತ್ತ ಎಣಿಸಿದಳು. ಡಾಕ್ಟರ ಬಳಿ ಬಂದವರು ಇನ್ನೂರ ಎಪ್ಪತ್ತು. ಜ್ವರದ ಜೊತೆ ಕೆಮ್ಮು ಇದ್ದವರು ಮೂವರು. ಮಂಗಳವಾರದ ಪುಟದಲ್ಲಿ ಅಕ್ಕನ ಹೆಸರು ಕಂಡಾಗ ಬೆರಳು ಒಂದು ಕ್ಷಣ ನಿಂತಿತು. ಜ್ವರವಿಲ್ಲ ಎಂದಿತ್ತು, ಮುಂದಕ್ಕೆ ಹೋಯಿತು. ಅಂದೇ ಆಫೀಸಿನಿಂದ ಆದೇಶವೂ ಬಂದಿತ್ತು. ಇಲ್ಲಿ ಕ್ಯಾಪ್ಸೂಲ್ ಖರ್ಚಾಗುತ್ತಿಲ್ಲವಾದ್ದರಿಂದ ಉಳಿದ ಪೆಟ್ಟಿಗೆಯನ್ನು ಸ್ಟೇಷನ್ ಕಡೆಯ ಕ್ಲಿನಿಕ್ಕಿಗೆ ಕೊಡತಕ್ಕದ್ದು. ಡಾಕ್ಟರ ಕೋಣೆಯ ಬೀರುವಿನಿಂದ ಸಿಸ್ಟರ್ ಪೆಟ್ಟಿಗೆ ತೆಗೆದು, ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ‘ಬಳಸಿಲ್ಲ’ ಎಂದು ಬರೆದು ಕಳಿಸಿದಳು. ಬೀರುವಿಗೂ ರೋಗಿಗಳು ಕೂರುವ ಸ್ಟೂಲಿಗೂ ನಡುವೆ ಮೂರು ಹೆಜ್ಜೆ.

ಭಾನುವಾರ ಮಧ್ಯಾಹ್ನ ಭಾವ ಓಡಿಬಂದ. ಅಕ್ಕನ ತುಟಿ ನೀಲಿಯಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿ ಮಲಗಿಸಿದರು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ಚಾರ್ಟ್ ತಿರುವಿ, “ಮಂಗಳವಾರ ಡಾಕ್ಟರಿಗೆ ತೋರ್ಸಿದ್ದಾರೆ. ಅವತ್ತೇ ಕ್ಯಾಪ್ಸೂಲ್ ಯಾಕೆ ಶುರು ಮಾಡ್ಲಿಲ್ಲ?” ಎಂದು ಕೇಳಿದರು.

“ಅವತ್ತು ತೋರ್ಸಿದಾಗ ಜ್ವರ ಇರ್ಲಿಲ್ಲ ಡಾಕ್ಟ್ರೇ,” ಎಂದಳು ಸಿಸ್ಟರ್. ಹದಿನೆಂಟು ವರ್ಷದ ಅನುಭವದ ದನಿಯಲ್ಲಿ, ಎಳ್ಳಷ್ಟೂ ಅನುಮಾನವಿಲ್ಲದೆ.

ಅಕ್ಕ ಗುರುವಾರ ತೀರಿಕೊಂಡಳು. ಅವಳನ್ನು ಮುಚ್ಚಿದ್ದ ಬಿಳಿ ಬಟ್ಟೆಯ ಮೂಲೆಯಲ್ಲಿ ಲಾಂಡ್ರಿಯ ನೀಲಿ ಗುರುತು ಇತ್ತು. ಅದನ್ನು ಮಡಚಿದವರು ಯಾರೋ.

ಎರಡು ವಾರ ರಜೆ ಮುಗಿಸಿ ಸಿಸ್ಟರ್ ಕೆಲಸಕ್ಕೆ ಬಂದ ದಿನವೇ ಗ್ರಾಫ್ ಸಾಹೇಬರು ಬಂದು ಕೂತಿದ್ದರು. ಆಫೀಸಿನಿಂದ ತಿಂಗಳಿಗೊಮ್ಮೆ ಬಂದು ಗೋಡೆಗೆ ಹೊಸ ಗ್ರಾಫ್ ಅಂಟಿಸಿ ಹೋಗುವ ಅವರಿಗೆ ಕ್ಲಿನಿಕ್ಕಿನವರೇ ಇಟ್ಟ ಹೆಸರು ಅದು. ಐದು ಕ್ಲಿನಿಕ್ಕಿಗೆ ಐದು ಬಣ್ಣದ ಗೆರೆ. ಇವರದು ಹಸಿರು, ಮೂರು ಚಳಿಗಾಲದಿಂದ ನೆಲ ಬಿಟ್ಟು ಎದ್ದದ್ದೇ ಇಲ್ಲ. “ಲಾಂಡ್ರಿ ಹಬೆಗೆ ಈ ಕಡೆ ಕ್ರಿಮಿಗಳೆಲ್ಲ ಬೆಂದು ಹೋಗ್ತವೆ ಅಂತ ಕಾಣುತ್ತೆ,” ಎಂದು ಒಮ್ಮೆ ಅವರು ಹೇಳಿದ್ದ ತಮಾಷೆಯನ್ನು ಸಿಸ್ಟರ್ ನಗುತ್ತ ಅಕ್ಕನಿಗೆ ಹೇಳಿದ್ದಳು. “ಬೇಯೋದು ಕ್ರಿಮಿ ಅಲ್ಲ ಕಣೇ, ನಾವು,” ಎಂದಿದ್ದಳು ಅಕ್ಕ.

ಸಾಹೇಬರು ಗಂಟಲು ಸರಿಮಾಡಿಕೊಂಡು ಎರಡು ಸಮಾಧಾನದ ಮಾತಾಡಿದರು. ಆಮೇಲೆ ಚೀಲದಿಂದ ಎರಡು ಹಳದಿ ಫಾರಂ ತೆಗೆದರು. “ನಿಮ್ಮ ಜಾಗಕ್ಕೆ ಬಂದಿದ್ಲಲ್ಲ, ಆ ಬದಲಿ ನರ್ಸು, ಏನೋ ಎಡವಟ್ಟು ಮಾಡಿದ್ದಾಳೆ ಸಿಸ್ಟರ್. ಒಂದು ವಾರ ಮೂವತ್ತೊಂದು, ಇನ್ನೊಂದು ವಾರ ಮೂವತ್ತೆಂಟು! ಮೂರರಿಂದ ಮೂವತ್ತೆಂಟಕ್ಕೆ ಯಾವ ಗೆರೆಯಾದ್ರೂ ಹೀಗೆ ನೆಗೆಯುತ್ತಾ? ನೀವು ರಿಜಿಸ್ಟರ್ ನೋಡಿ ಸರಿಯಾದ ಅಂಕಿ ಹಾಕಿ ಒಂದು ಸಹಿ ಮಾಡಿಬಿಡಿ. ನಾಳೆ ಬರ್ತೀನಿ.”

ಸಿಸ್ಟರ್ ಮಧ್ಯಾಹ್ನ ಊಟ ಬಿಟ್ಟು ರಿಜಿಸ್ಟರ್ ಹಿಡಿದು ಕೂತಳು. ಬದಲಿ ನರ್ಸು ತಪ್ಪು ಮಾಡಿರಲಿಲ್ಲ. ನೂರಾ ಒಂದು, ನೂರಾ ಎರಡು, ನೂರಾ ಒಂದೂವರೆ, ಎಲ್ಲವೂ ಡಾಕ್ಟರ ಕೈಬರಹವೇ. ಅದೇ ಬೀದಿಯ ಟೈಲರ್ ಹೆಂಗಸಿನ ಹೆಸರು ಎರಡು ಕಡೆ ಇತ್ತು. ಸಿಸ್ಟರ್ ಇದ್ದ ವಾರ ಬಂದಾಗ ‘ಕೆಮ್ಮು, ಜ್ವರವಿಲ್ಲ’. ಒಂದು ದಿನ ಬಿಟ್ಟು, ಬದಲಿ ನರ್ಸಿನ ಕಾಲದಲ್ಲಿ ಬಂದಾಗ ನೂರಾ ಎರಡು, ಕೆಮ್ಮು. ಹಳೆಯ ಥರ್ಮಾಮೀಟರ್ ಕೆಟ್ಟಿರಬೇಕು, ಬದಲಿಯವಳು ಬೇರೆಯದನ್ನು ಡಾಕ್ಟರಿಗೆ ಕೊಟ್ಟಿರಬೇಕು ಎಂದುಕೊಂಡು, ಇನ್ನೊಂದನ್ನು ಹೋಲಿಸಿ ನೋಡೋಣವೆಂದು ಅವಳು ತನ್ನ ಮೇಜಿನ ಡ್ರಾಯರಿಗೆ ಬೀಗದ ಕೈ ಹಾಕಿದಳು. ಆ ಕೀ ಎರಡು ವಾರದಿಂದ ಅವಳ ಬಳಿಯೇ ಇತ್ತು.

ಡ್ರಾಯರಿನಲ್ಲಿ ಡಬ್ಬಿ ಇತ್ತು. ಮುಚ್ಚಳ ತೆಗೆದಳು. ರಜೆಗೆ ಮುಂಚಿನ ಶನಿವಾರ ತುಂಬಿಟ್ಟಿದ್ದ ಮಾತ್ರೆಗಳು ಹಾಗೆಯೇ ಇದ್ದವು, ಒಂದೂ ಕಮ್ಮಿಯಾಗದೆ.

ಅಳು ಬರಲಿಲ್ಲ. ಅವಳು ರಿಜಿಸ್ಟರನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಎರಡು ವಾರ ಬೆಂಚಿನ ಮೇಲೆ ಯಾರಿಗೂ ಮಾತ್ರೆ ಸಿಕ್ಕಿರಲಿಲ್ಲ. ಎಲ್ಲರೂ ನಡುಗುತ್ತಲೇ ಕಾದು, ನಡುಗುತ್ತಲೇ ಒಳಗೆ ಹೋಗಿದ್ದರು. ಥರ್ಮಾಮೀಟರ್ ಇದ್ದದ್ದನ್ನು ಇದ್ದಂತೆ ಹೇಳಿತ್ತು. ಮೂರು ಚಳಿಗಾಲ ಅವಳು ವರಾಂಡದಲ್ಲಿ ಜ್ವರವನ್ನು ಒರೆಸಿ, ಶನಿವಾರ ಕೂತು ಜ್ವರವಿಲ್ಲ ಎಂದು ಎಣಿಸಿದ್ದಳು. ಅಕ್ಕನಿಗೆ ಮಾತ್ರ ಎರಡೆರಡು ಕೊಟ್ಟಿದ್ದಳು. ತಂಗಿಯ ಪ್ರೀತಿ ತಾನೇ.

ಸಂಜೆ ಕೊನೆಯ ರೋಗಿ ಹೋದ ಮೇಲೆ ಅವಳು ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

“ಏನಿದು?”

“ಜ್ವರದ ಮಾತ್ರೆ ಸರ್. ಹೊರಗೆ ಕಾಯ್ತಾ ಕೂತೋರಿಗೆ ಕೊಡ್ತಿದ್ದೆ. ನೀವು ಈ ಕ್ಲಿನಿಕ್ಕಿಗೆ ಬರೋಕೆ ಮುಂಚಿನಿಂದ್ಲೂ.”

ಡಾಕ್ಟರು ಮುಚ್ಚಳ ತೆಗೆದು ಒಂದು ಮಾತ್ರೆ ಎತ್ತಿ ನೋಡಿದರು. ಆಮೇಲೆ ಅವರ ಕಣ್ಣು ತಾನಾಗಿಯೇ ರಿಜಿಸ್ಟರಿನ ಕಡೆ ಹೋಯಿತು. “ನಿಮ್ಮ ಅಕ್ಕನಿಗೂ?”

“ಎರಡು.”

ಡಾಕ್ಟರು ಎದ್ದು ಕಿಟಕಿ ಮುಚ್ಚಿದರು. ಮುಚ್ಚಿದ್ದ ಕಿಟಕಿಯನ್ನೇ ಇನ್ನೊಮ್ಮೆ ಒತ್ತಿದರು. “ನೋಡಿ ಸಿಸ್ಟರ್, ಕ್ಯಾಪ್ಸೂಲ್ ಕೊಟ್ಟಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ.”

“ಉಳೀತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ ಅಲ್ವಾ ಸರ್.”

ಡಾಕ್ಟರು ವಾಪಸ್ ಬಂದು ಕುರ್ಚಿಯಲ್ಲಿ ಕೂತರು. ಕೆಟ್ಟವರಲ್ಲ ಅವರು. ದಿನಕ್ಕೆ ನಲವತ್ತೈದು ಜನರನ್ನು ನೋಡಿ ನೋಡಿ ಸವೆದವರು. “ಇದು ಇಲ್ಲಿಗೇ ಇರ್ಲಿ,” ಎಂದರು ಕೊನೆಗೆ. “ಆ ಎರಡು ಫಾರಂ ತಿದ್ದಿ ಕೊಟ್ಬಿಡಿ. ಇದು ಹೊರಗೆ ಬಿದ್ರೆ ನಿಮ್ಮ ಕೆಲ್ಸಾನೂ ಹೋಗುತ್ತೆ, ನನ್ನ ಮೇಲೂ ಬರುತ್ತೆ. ಹೋದೋರು ವಾಪಸ್ ಬರ್ತಾರಾ?”

“ಬೇರೆಯೋರು ಹೋಗ್ತಾರಲ್ಲ ಸರ್. ನಾಳೆಯಿಂದ ಬೆಂಚಿನ ಹತ್ರವೇ ನಾನು ಜ್ವರ ನೋಡಿ, ಚೀಟಿ ಬರ್ದು, ಆಮೇಲೆ ಮಾತ್ರೆ ಕೊಡ್ಲಾ?”

“ನೀವು ನೋಡಿದ್ದನ್ನ ನಾನು ಬರೆದ್ರೆ ಅದು ‘ಇತ್ತಂತೆ’ ಆಗುತ್ತೆ. ಆಫೀಸಿನೋರು ಒಪ್ಪಲ್ಲ. ನಾನೇ ಅಳೀಬೇಕು, ಇಲ್ಲೇ ಅಳೀಬೇಕು.”

“ಜ್ವರ ಇದ್ದೋರನ್ನ ಮುಂಚೆ ಒಳಗೆ ಬಿಟ್ರೆ?”

“ಬೆಂಚಿನ ತುಂಬ ಜ್ವರದೋರೇ ಇದ್ದಾರೆ. ಯಾರನ್ನ ಯಾರಿಗಿಂತ ಮುಂಚೆ ಬಿಡ್ತೀರಿ?”

ಮರುದಿನ ಗ್ರಾಫ್ ಸಾಹೇಬರು ಬಂದಾಗ ಫಾರಂ ಹಾಗೇ ಇತ್ತು. ಸಿಸ್ಟರ್ ಸಹಿ ಹಾಕಿದ್ದಳು, ಅಂಕಿ ಮುಟ್ಟಿರಲಿಲ್ಲ. “ಬದಲಿ ನರ್ಸಿನ ಲೆಕ್ಕ ಸರಿ ಇದೆ. ತಪ್ಪಿರೋದು ನನ್ನ ಲೆಕ್ಕ,” ಎಂದು ನಡೆದದ್ದನ್ನೆಲ್ಲ ಹೇಳಿದಳು. ಸಾಹೇಬರು ಗೋಡೆಯ ಮೇಲಿನ ಹಸಿರು ಗೆರೆಯನ್ನು ನೋಡಿದರು. ಮೂರು ಚಳಿಗಾಲ ಮೇಲಿನವರ ಮುಂದೆ ಹಿಡಿದು ಬೆನ್ನು ತಟ್ಟಿಸಿಕೊಂಡಿದ್ದ ಗೆರೆ.

“ಹಳೇದೆಲ್ಲ ಈಗ ಕೆದಕೋದು ಬೇಡ ಸಿಸ್ಟರ್,” ಎಂದರು. “ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಈ ತಿಂಗಳಿಂದ ಏರಿದೆ ಅಂತ ಬರ್ಕೋತೀನಿ.” ಅವಳ ಅಪರಾಧಕ್ಕೆ ಶಿಕ್ಷೆ ಕೊಡುವ ಪುರುಸೊತ್ತೂ ಯಾರಿಗೂ ಇರಲಿಲ್ಲ.

ಮುಂದಿನ ವಾರ ಕ್ಯಾಪ್ಸೂಲ್ ಪೆಟ್ಟಿಗೆ ವಾಪಸ್ಸು ಬಂತು. ಅದೇ ಪೆಟ್ಟಿಗೆ, ಅವಳೇ ಬಿಗಿದ ಹಗ್ಗ, ಅವಳದೇ ಅಕ್ಷರದಲ್ಲಿ ‘ಬಳಸಿಲ್ಲ’. ಸ್ಟೇಷನ್ ಕಡೆಯವರು ಅದನ್ನು ಬಿಚ್ಚಿಯೂ ಇರಲಿಲ್ಲ.

ಡಬ್ಬಿ ಡ್ರಾಯರಿನಿಂದ ಹೊರಗೆ ಬರಲಿಲ್ಲ. ಸಿಸ್ಟರ್ ಈಗಲೂ ಬೆಂಚಿನ ಉದ್ದಕ್ಕೂ ಓಡಾಡುತ್ತಿದ್ದಳು, ಹಣೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈ ಜೇಬಿಗೆ ಹೋದೀತು ಎಂಬ ಹೆದರಿಕೆ. ಕಾಯುವವರಿಗೆ ಬಿಸಿನೀರು ಕೊಡುತ್ತಿದ್ದಳು, ಕಂಬಳಿ ಹೊದಿಸುತ್ತಿದ್ದಳು. “ಒಂದು ಮಾತ್ರೆ ಕೊಡಿ ಸಿಸ್ಟರ್, ತಡ್ಕೊಳ್ಳೋಕಾಗ್ತಿಲ್ಲ,” ಎಂದು ಕೈ ಚಾಚಿದವರಿಗೆ, “ಡಾಕ್ಟರು ನೋಡ್ಲಿ, ಆಮೇಲೆ,” ಎನ್ನುತ್ತಿದ್ದಳು. ಯಾಕೆಂದು ವಿವರಿಸಿದರೂ ನೂರಾ ಎರಡು ಜ್ವರದವರಿಗೆ ಫಾರಂ, ಗ್ರಾಫ್ ಯಾವುದು ತಲೆಗೆ ಹೋದೀತು? ಶನಿವಾರದ ಅಂಕಿ ನಲವತ್ತು ದಾಟಿತು. “ಅಕ್ಕ ಸತ್ತ ಮೇಲೆ ಇವಳ ಮನಸ್ಸು ಕಲ್ಲಾಗಿದೆ,” ಎಂದಳು ಟೈಲರ್ ಹೆಂಗಸು, ಅವಳಿಗೆ ಕೇಳಲಿ ಎಂದೇ. “ಕೈಗುಣಾನೂ ಹೋಯ್ತು ಬಿಡು,” ಎಂದರು ಪಕ್ಕದವರು.

ಒಂದು ಬೆಳಿಗ್ಗೆ ಬೆಂಚಿನ ತುದಿಯಲ್ಲಿ ಭಾವ ಕೂತಿದ್ದ. ಬಸ್ ಡಿಪೋದ ಮೆಕ್ಯಾನಿಕ್ಕು, ತನಗಾಗಿ ಎಂದೂ ಡಾಕ್ಟರ ಮೆಟ್ಟಿಲು ಹತ್ತಿದವನಲ್ಲ. ಕತ್ತಿಗೆ ಅಕ್ಕನ ಮಫ್ಲರ್ ಸುತ್ತಿಕೊಂಡಿದ್ದ. ಮೊಣಕಾಲು ಒಂದಕ್ಕೊಂದು ತಾಗುವಷ್ಟು ನಡುಗುತ್ತಿದ್ದ.

“ಯಾವಾಗಿಂದ ಭಾವ?” ಎಂದಳು ಸಿಸ್ಟರ್, ಎರಡು ಹೆಜ್ಜೆ ದೂರವೇ ನಿಂತು.

“ನಿನ್ನೆ ಮಧ್ಯಾಹ್ನದಿಂದ. ಏನೂ ಇಲ್ಲಮ್ಮ, ನಿನ್ನ ಆ ಡಬ್ಬಿಯಿಂದ ಒಂದು ಮಾತ್ರೆ ಕೊಡು ಸಾಕು. ಡಾಕ್ಟ್ರೂ ಬೇಡ, ಡಿಪೋಗೆ ಹೋಗ್ತೀನಿ.”

“ಈಗ ಕೊಡೋಕಾಗಲ್ಲ ಭಾವ. ಡಾಕ್ಟರು ನೋಡ್ಲಿ.”

“ನಿಮ್ಮಕ್ಕನಿಗೆ ಕೊಟ್ಟಿದ್ಯಲ್ಲಮ್ಮ.” ಅವನ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. “ಅವತ್ತು ಮನೆಗೆ ಬಂದು ಅದನ್ನೇ ಹೇಳ್ತಿದ್ಳು. ನನ್ನ ತಂಗಿ ಕೈಗುಣ ನೋಡಿ, ಎರಡು ಮಾತ್ರೆ ಕೊಟ್ಳು, ಡಾಕ್ಟರ ಹತ್ರ ಹೋಗೋಷ್ಟ್ರಲ್ಲಿ ಜ್ವರಾನೇ ಬಿಟ್ಟೋಗಿತ್ತು ಅಂತ.”

ಬೆಂಚಿನವರೆಲ್ಲ ಸಿಸ್ಟರಿನ ಮುಖ ನೋಡುತ್ತಿದ್ದರು. ಅವಳಿಗೆ ಓಡಿಹೋಗಿ ಡ್ರಾಯರು ಎಳೆದು, ಡಬ್ಬಿಯನ್ನೇ ಅವನ ಕೈಗೆ ಸುರಿದುಬಿಡಬೇಕು ಎನ್ನಿಸಿತು. ಹೋಗಿ ಕಂಬಳಿ ತಂದು ಅವನ ಹೆಗಲಿಗೆ ಹೊದಿಸಿದಳು. “ತಡ್ಕೊಳ್ಳಿ ಭಾವ. ದಯವಿಟ್ಟು,” ಎಂದಳು. ಅವನು ಎರಡು ಗಂಟೆ ಹತ್ತು ನಿಮಿಷ ತಡೆದುಕೊಂಡ. ಪ್ರತಿಯೊಂದು ನಿಮಿಷವನ್ನೂ ಅವಳು ಬಾಗಿಲ ಬಳಿ ನಿಂತು ನೋಡಿದಳು.

“ನೂರಾ ಎರಡೂವರೆ,” ಎಂದರು ಡಾಕ್ಟರು ಒಳಗೆ, ಗಟ್ಟಿಯಾಗಿ. ಒಂದು ಸಲ ಅವಳ ಕಡೆ ನೋಡಿ, ರಿಜಿಸ್ಟರಿನಲ್ಲಿ ಬರೆದರು.

ಔಷಧದ ಕಿಟಕಿಯಲ್ಲಿ ಸಿಸ್ಟರ್ ಪೆಟ್ಟಿಗೆಯಿಂದ ಕ್ಯಾಪ್ಸೂಲ್ ಪಟ್ಟಿ ತೆಗೆದು ಎಣಿಸಿ ಕೊಟ್ಟಳು. ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ ತಪ್ಪಿಸಬಾರದು. ಅದರ ಜೊತೆ ಈಗ ಒಂದು ಬಿಳಿ ಮಾತ್ರೆಯನ್ನೂ ಕೊಟ್ಟು, ಲೋಟದಲ್ಲಿ ನೀರು ಹಿಡಿದಳು. ಭಾವ ನುಂಗಿದ. ಕ್ಯಾಪ್ಸೂಲ್ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿದ. ನಾದಿನಿಯ ಕೈಬರಹ ಅವನಿಗೆ ಗೊತ್ತಿತ್ತು.

“ಇದು ಅವತ್ತು ನಿಮ್ಮಲ್ಲಿ ಇರ್ಲಿಲ್ವೇನಮ್ಮ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ.

“ಇತ್ತು ಭಾವ,” ಎಂದಳು ಸಿಸ್ಟರ್.

ಭಾವ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು, ನಾಲ್ಕು ಮಡಿಕೆ ಮಡಚಿ, ಕಿಟಕಿಯ ಕಟ್ಟೆಯ ಮೇಲಿಟ್ಟ. ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಒಳಗಿನಿಂದ ಡಾಕ್ಟರ ಗಂಟೆ ಕೇಳಿಸಿತು. ಬೆಂಚಿನ ಮೇಲಿದ್ದವರೆಲ್ಲ ನಡುಗುತ್ತ, ಒಂದೊಂದು ಜಾಗ ಮುಂದಕ್ಕೆ ಸರಿದರು.